ಕೊನೆಯಕ್ಷರದ ಕುತ್ತು

ನಮ್ಮ ಮನೆಗಳ ಅಂತ್ಯಾಕ್ಷರಿ ನಿಮಗೆ ಹೊಸದಲ್ಲವಷ್ಟೆ? ಜಪಾನೀಯರಿಗೂ ಅಂಥದೊಂದು ಆಟವುಂಟು, ಹೆಸರು ‘ಶಿರಿತೋರಿ’. ಪದದ ಕೊನೆಯಕ್ಷರ ಹಿಡಿದು ಮುಂದಿನ ಪದ ಹೇಳಬೇಕು. ‘ನ್’ ಎಂದು ಮುಗಿಸಿದವನು ಸೋತ. ಆ ಅಕ್ಷರದಿಂದ ಅವರಲ್ಲಿ ಪದವೇ ಹೊರಡದು. ಕರಾಓಕೆ ಕೂಟದಲ್ಲಿ, ಎಂದರೆ ಯಂತ್ರ ವಾದ್ಯ ನುಡಿಸಲು ನಾವು ಹಾಡುವಲ್ಲಿ, ಹಾಡುಗಳ ಹೆಸರನ್ನೇ ಹೀಗೆ ಪೋಣಿಸಬಹುದು. 1961ರ ‘ಉಎ ಓ ಮುಯಿತೆ ಅರುಕೋ’ ಕಿವಿಗೆ ‘ಕೋ’ ಎನಿಸಿದರೂ ಬರಹದಲ್ಲಿ ಕೊನೆಗೆ ‘ಉ’. ಮುಂದೆ ‘ಉಮಿ’ ಎಂಬ ಮಕ್ಕಳ ಹಾಡು. ಹೊಸಬರ ಗಂಟಲಿಗೆ ಇದೇ ಸುಲಭ. ‘ಮಿ’ಯಿಂದ 1946ರ ‘ಮಿಕನ್ ನೊ ಹನ ಸಕು ಒಕ’. ಆದರೆ 1975ರ ‘ಒಯೊಗೆ! ತಾಯಿಯಾಕಿ-ಕುನ್’ ಎತ್ತಿದಿರೋ, ಚಪ್ಪಾಳೆಯೂ ನಿಮ್ಮದು, ಸೋಲೂ ನಿಮ್ಮದೇ. ಅದನ್ನು ಆಟ ಮುಗಿದ ಮೇಲೆ ಹಾಡಿ.