ನೂರಕ್ಕೆ ಎಷ್ಟು ಧೈರ್ಯ?

(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ತಂದೆಯ ಬುದ್ಧಿ ಮಂಕಾದಾಗಲೂ ಮಕ್ಕಳು ತಾಳ್ಮೆಯಿಂದಿರಬೇಕೆಂದು ಇಂದಿನ ಮೊದಲ ವಾಚನದಲ್ಲಿ ಸಿರಾಖನು ತಿಳಿಸುತ್ತಾನೆ. ನಾವು ಅರಳುಮರಳು ಎಂದು ಸುಮ್ಮನಾಗುವ ಕಾಯಿಲೆಯನ್ನು ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದ ಸುಮಾರು 88 ಲಕ್ಷ ಹಿರಿಯರಿಗೆ ಇದು ಇದೆ. ಅವರನ್ನು ಹೆಚ್ಚಾಗಿ ಮನೆಯಲ್ಲೇ ನೋಡಿಕೊಳ್ಳುವವರು ಹೆಂಡತಿ, ಮಗಳು, ಸೊಸೆ.

ಹೀಗೆ ನೋಡಿಕೊಳ್ಳುವವರ ಆತ್ಮವಿಶ್ವಾಸವನ್ನು ಅಳೆಯಲು ಅಮೆರಿಕದಲ್ಲಿ ಆನ್ ಸ್ಟೆಫನ್ ಮತ್ತು ಸಂಗಡಿಗರು 2002ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಪ್ರಸಿದ್ಧ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರೂ ಅದರಲ್ಲಿದ್ದರು. ಪ್ರಶ್ನೆಗಳು 15, ಉತ್ತರವಾಗಿ 0ಯಿಂದ 100ರೊಳಗೆ ಒಂದು ಅಂಕ. ಪ್ರೀತಿ ಎಷ್ಟಿದೆ ಎಂದು ಅದು ಕೇಳುವುದಿಲ್ಲ. ಈಗಷ್ಟೇ ಉಂಡು ಕೈತೊಳೆದ ಅಪ್ಪ ಮತ್ತೆ ಊಟ ಕೇಳಿದರೆ ದನಿ ಏರಿಸದೆ ಉತ್ತರಿಸಬಲ್ಲಿರಾ? ‘ನನಗೇ ಏಕೆ ಈ ಅನ್ಯಾಯ’ ಎಂಬ ಯೋಚನೆಯನ್ನು ಹತೋಟಿಯಲ್ಲಿಡಬಲ್ಲಿರಾ? ನೀವೇ ವೈದ್ಯರ ಬಳಿ ಹೋಗಬೇಕಾದ ದಿನ ನೆಂಟರನ್ನೋ ಸ್ನೇಹಿತರನ್ನೋ ಮನೆಯಲ್ಲಿರಲು ಕೇಳಬಲ್ಲಿರಾ? ಇಂಥ ಮೂರು ಬಗೆಗೂ ಬೇರೆ ಬೇರೆ ಅಂಕ. ಕೋಪ ನುಂಗಬಲ್ಲವರಿಗೆ ಸಹಾಯ ಕೇಳಲು ಬಾಯಿ ಬರದೆ ಇರಬಹುದು. (ಎಲ್ಲಕ್ಕೂ 100 ಎನ್ನುವವರನ್ನು ನಾನಂತೂ ಅಷ್ಟಾಗಿ ನಂಬುವುದಿಲ್ಲ!) ಅಂಕ ಕಡಿಮೆಯಾದರೆ ಅದು ಪಾಪವಲ್ಲ, ಪಾಪನಿವೇದನೆಗೆ ತರಬೇಕಾಗಿಲ್ಲ.

ನಮ್ಮ ಕುಟುಂಬಗಳು ಸೋಲುವುದು ಆ ಮೂರನೆಯದರಲ್ಲಿ ಎಂದು ನನಗನಿಸುತ್ತದೆ. ‘ಅತ್ತೆಯನ್ನು ನೋಡಿಕೊಳ್ಳಲು ಆಗಲಿಲ್ಲವೇ?’ ಎಂಬ ಮಾತಿಗೆ ಹೆದರಿ ಭಾನುವಾರದ ಬಲಿಪೂಜೆಯನ್ನೂ ಬಿಟ್ಟು ಮನೆಯಲ್ಲೇ ಉಳಿಯುವ ಸೊಸೆಯಂದಿರಿದ್ದಾರೆ. ಇಂದಿನ ಶುಭಸಂದೇಶವನ್ನು ಗಮನಿಸಿ. ಬಾಲಯೇಸು ಕಾಣೆಯಾದಾಗ ಮರಿಯಮ್ಮ, ಜೋಸೆಫರು ಮರ್ಯಾದೆಗೆ ಅಂಜಿ ಮುಚ್ಚಿಡಲಿಲ್ಲ. ಬಂಧುಬಳಗದವರಲ್ಲಿ, ಪರಿಚಯದವರಲ್ಲಿ ವಿಚಾರಿಸುತ್ತಾ ಹೋದರು.

‘ನಿಮ್ಮದು ದೊಡ್ಡ ತ್ಯಾಗ’ ಎಂಬ ಹೊಗಳಿಕೆಯಿಂದ ಆ ಸೊಸೆಯ ಅಂಕ ಹೆಚ್ಚು ಏರದು. ಸ್ವತಃ ಮಾಡಿ ಗೆದ್ದ ಅನುಭವವೇ ಧೈರ್ಯದ ಮುಖ್ಯ ಮೂಲ, ತನ್ನಂಥವರು ಮಾಡಿದ್ದನ್ನು ಕಾಣುವುದೂ ಒಂದು ಮೂಲ ಎಂದು ಬಂಡೂರಾ ಬರೆದಿದ್ದಾರೆ. ಆದ್ದರಿಂದ ತಾಯಂದಿರೇ, ಮೊದಲಿಗೆ ಇಡೀ ದಿನ ಬೇಡ. ಒಂದು ಭಾನುವಾರ, ಬಲಿಪೂಜೆಯ ಹೊತ್ತಿಗೆ ಮಾತ್ರ, ಪಕ್ಕದ ಮನೆಯವರನ್ನು ಕೂತಿರಲು ಕೇಳಿ. ಹೊಸ ವರ್ಷದ ಮನೆಭೇಟಿಗೆ ಬಂದಾಗ ನಾನು ಆ ಮೂರನೆಯ ಪ್ರಶ್ನೆಯನ್ನೇ ಕೇಳುತ್ತೇನೆ. 20 ಇದ್ದದ್ದು 30 ಆಗಿದೆಯೇ ನೋಡೋಣ. ಕೂತಿರಲು ಹೋಗುವವರು ಅಜ್ಜಿ ಯಾವ ಹೆಸರಿಗೆ ಓಗೊಡುತ್ತಾರೆ, ಕಾಫಿಗೆ ಸಕ್ಕರೆ ಹಾಕಬಹುದೇ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.