ಕೆಮ್ಮು ನಿಂತರೂ ಮಾತ್ರೆ ಯಾಕೆ?

ಚೆನ್ನೈನಲ್ಲಿ ಕೋಡ್ ಬರೆಯೋ ನಾನು ಇವತ್ತು ಬ್ಯಾಕ್ಟೀರಿಯಾ ಬಗ್ಗೆ ಮಾತಾಡ್ತೀನಿ. ನಾನು ಡಾಕ್ಟರ್ ಅಲ್ಲ. ಆದರೆ ನನ್ನನ್ನು ಕಾಡಿದ ಪ್ರಶ್ನೆ ಇದು: ಕ್ಷಯಕ್ಕೆ ಮಾತ್ರೆ ಶುರು ಮಾಡಿದ ಕೆಲವು ವಾರಗಳಲ್ಲೇ ಹೆಚ್ಚಿನವರಿಗೆ ಕೆಮ್ಮು, ಜ್ವರ ಇಳಿಯುತ್ತೆ. ಹಾಗಿದ್ರೂ ಸಾಮಾನ್ಯವಾಗಿ ಆರು ತಿಂಗಳು ಯಾಕೆ ನುಂಗಬೇಕು?

ಉತ್ತರದ ಒಂದು ಭಾಗ ಮ್ಯಾಜ್‌ಎಫ್ ಅನ್ನೋ ಪುಟ್ಟ ಪ್ರೋಟೀನ್‌ನಲ್ಲಿದೆ. ನಮ್ಮ ಕರುಳಲ್ಲಿರುವ ಇ. ಕೋಲಿಯಲ್ಲಿ ಇದರ ಉದ್ದ ಬರೀ 111 ಅಮೈನೊ ಆಮ್ಲ. ಇದು ಒಂದು ಕತ್ತರಿ. ಜೀನ್‌ನಿಂದ ಹೊರಟ ಸಂದೇಶವನ್ನು, ಅಂದರೆ ಎಂಆರ್‌ಎನ್‌ಎಯನ್ನು, ಪ್ರೋಟೀನ್ ಆಗುವ ಮೊದಲೇ ತುಂಡು ಮಾಡುತ್ತೆ. ಹೊಸ ಪ್ರೋಟೀನ್ ಇಲ್ಲದಿದ್ರೆ ಬೆಳವಣಿಗೆಯೂ ಇಲ್ಲ.

ಮಾಮೂಲಿ ದಿನಗಳಲ್ಲಿ ಮ್ಯಾಜ್‌ಇ ಅನ್ನೋ ಜೊತೆಗಾರ ಈ ಕತ್ತರಿಯನ್ನು ಹಿಡಿದಿಟ್ಟಿರುತ್ತೆ. ಜೋಡಿಯಾಗಿ ಇವು ತಮ್ಮದೇ ಜೀನ್‌ಗಳನ್ನೂ ಅದುಮಿಡುತ್ತವೆ. ನಮ್ಮ ಭಾಷೇಲಿ ಹೇಳೋದಾದ್ರೆ ಫೀಡ್‌ಬ್ಯಾಕ್ ಲೂಪ್. ಆದರೆ ಮ್ಯಾಜ್‌ಇ ಬೇಗ ಹಾಳಾಗುತ್ತೆ. ಆಹಾರ ಸಿಗದೆ ಹೊಸದು ತಯಾರಾಗದಿದ್ರೆ ಕತ್ತರಿಗೆ ಬಿಡುಗಡೆ. ಕೋಶ ಬೆಳೆಯೋದು ನಿಲ್ಲುತ್ತೆ.

ಕ್ಷಯದ ಬ್ಯಾಕ್ಟೀರಿಯಾದಲ್ಲಿ ಇಂಥ ಕತ್ತರಿಗಳು ಹಲವು. ಫರಿದಾಬಾದ್‌ನ ವಿಜ್ಞಾನಿಗಳ ತಂಡ ಮೂರನ್ನು ತೆಗೆದುಹಾಕಿ ನೋಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಆ ತಳಿ ಔಷಧಿ ಎದುರು ಅಷ್ಟು ತಾಳಲಿಲ್ಲ, ಗಿನಿಪಿಗ್‌ಗಳಲ್ಲಿ ರೋಗವೂ ತಗ್ಗಿತು. ಯಾಕೆ ಅಂದ್ರೆ, ಐಸೋನಿಯಜಿಡ್‌ನಂಥ ಔಷಧಿ ಹೊಡೆಯೋದು ಕೋಶದ ಗೋಡೆ ಕಟ್ಟುವ ಕೆಲಸಕ್ಕೆ. ಮಲಗಿರೋ ಬ್ಯಾಕ್ಟೀರಿಯಾ ಗೋಡೆ ಕಟ್ಟೋದೇ ಕಡಿಮೆ. ಅದು ಎದ್ದೇಳೋವರೆಗೂ ಔಷಧಿ ಕಾದಿರಬೇಕು.

ಇದಕ್ಕೂ ನಮ್ಮ ಚೆನ್ನೈಗೂ ನಂಟಿದೆ. 1956ರಲ್ಲಿ ಇಲ್ಲಿ ಶುರುವಾದ ಕ್ಷಯ ಸಂಶೋಧನಾ ಕೇಂದ್ರ, ಮನೆಯಲ್ಲೇ ಇದ್ದು ಮಾತ್ರೆ ತಗೊಂಡರೂ ಸ್ಯಾನಟೋರಿಯಂನಷ್ಟೇ ಗುಣ ಸಿಗುತ್ತೆ ಅಂತ 1959ರಲ್ಲಿ ತೋರಿಸಿತು. ಆಗ ಚಿಕಿತ್ಸೆ ಒಂದು ವರ್ಷ. ಮನೆಗೆ ಬಂದಾಗ ಮಾತ್ರೆ ಮುಗಿಸುವ ಹೊಣೆಯೂ ಮನೆಗೇ ಬಂತು.

ನಮ್ಮಂಥವರು ತೊಡರೋದು ಇಲ್ಲೇ. ಪಿಜಿ ಬದಲಾಗುತ್ತೆ, ಪ್ರಾಜೆಕ್ಟ್ ಪುಣೆಗೆ ಹೋಗುತ್ತೆ, ಕೆಮ್ಮೂ ಇಲ್ಲ ಅಂತ ಮಾತ್ರೆ ನಿಲ್ಲುತ್ತೆ. ಆಗ ಉಳಿದವು ಮತ್ತೆ ಬೆಳೆಯಬಹುದು, ಔಷಧಿಗೆ ಬಗ್ಗದ ತಳಿಯೂ ಹುಟ್ಟಬಹುದು. ಸರ್ಕಾರಿ ಕೇಂದ್ರಗಳಲ್ಲಿ ಔಷಧಿ ಉಚಿತ. ಊರು ಬಿಡೋ ಮೊದಲು ಹೇಳಿದ್ರೆ ಚಿಕಿತ್ಸೆಯನ್ನು ಹೊಸ ಊರಿಗೆ ವರ್ಗಾಯಿಸ್ತಾರೆ. ರೂಮ್‌ಮೇಟ್ ಯಾರಾದ್ರೂ ಕೋರ್ಸ್‌ನಲ್ಲಿದ್ರೆ, ಇವತ್ತು ರಾತ್ರಿ ಒಂದು ಮಾತು ಕೇಳಿ: ಮಾತ್ರೆ ತಗೊಂಡ್ಯಾ?