ತಗಡಿನ ಮೇಲಿನ ಅಕ್ಷರ



ಮೇಜಿನ ಮೇಲೆ ನಾನಿರಿಸಿರುವ ಈ ತಗಡನ್ನು ಕಂಡು ಕೆಲವರು ಆಗಲೇ ನಕ್ಕಿದ್ದೀರಿ. ಸರಕಾರಿ ಅಧಿಕಾರಿ ಗುಜರಿ ವ್ಯಾಪಾರಕ್ಕೆ ಇಳಿದನೆ ಎಂಬ ಸಂದೇಹ ಸಹಜವೇ. ಇದು ಚಹಾ ಕಂಪನಿಯೊಂದರ ಹಳೆಯ ಎನಾಮಲ್ ಫಲಕ. ಪಾನೀಯ ಕಂಪನಿಗಳ ಇಂತಹ ಫಲಕ, ಸೀಸೆ, ಡಬ್ಬಿಗಳನ್ನು ಹದಿನೆಂಟು ವರ್ಷಗಳಿಂದ ಸಂಗ್ರಹಿಸುತ್ತ ಬಂದಿದ್ದೇನೆ.

ಚಹಾ ನಮ್ಮ ಜನರ ಬಾಯಿಗೆ ತಾನಾಗಿ ಬಂದುದಲ್ಲ. ಪ್ರಚಾರ ಅದನ್ನು ತಂದಿತು. ಅದಕ್ಕೆ ಹಣ ಒದಗಿಸಿದ್ದು 1903ರ ಕಾಯಿದೆಯ ಸೆಸ್ಸು. 1930ರ ದಶಕದಲ್ಲಿ ಹೊರದೇಶಗಳ ಬೇಡಿಕೆ ಕುಸಿದಾಗ ತೋಟಗಾರರ ದೃಷ್ಟಿ ಈ ದೇಶದ ಬಡವನ ಮೇಲೂ ಬಿತ್ತು. ನೀರು ಹೇಗೆ ಕುದಿಯಬೇಕು, ಸೊಪ್ಪು ಎಷ್ಟು ಹಾಕಬೇಕು ಎಂಬುದನ್ನೆಲ್ಲ ದೇಶಭಾಷೆಗಳಲ್ಲಿ ಬರೆದು ತೂಗುಹಾಕಿದರು. 1947ರಲ್ಲಿ ಅನ್ನದಾ ಮುನ್ಷಿಯವರು ಬರೆದ ಚಿತ್ರದಲ್ಲಿ ಚರಕದ ಜೊತೆಗೆ ಚಹಾದ ಬಟ್ಟಲೂ ಬಂದು ಕುಳಿತಿತು. ಬಿಳಿಯರ ತೋಟದ ಸರಕು ಸ್ವದೇಶಿಯಾದ ವೇಗವನ್ನು ನೋಡಿ!

ಕನ್ನಡಿಗರು ಆಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು ಎಂದು ಹಂಚಿಹೋಗಿದ್ದರು. ನಮ್ಮನ್ನು 1956ರಲ್ಲಿ ಒಂದುಗೂಡಿಸಿದವರು ಚಳವಳಿಗಾರರು, ನಿಜ. ಆದರೆ ವ್ಯಾಪಾರಿಗೆ ಪ್ರಾಂತದ ಗಡಿ ಬೇಕಿರಲಿಲ್ಲ, ಅಕ್ಷರ ಬಲ್ಲವನು ಸಾಕಾಗಿದ್ದ. ನನಗೆ ಈ ತಗಡಿನ ಮೇಲೆ ಮೋಹ ಹುಟ್ಟಿದ್ದು ಇದರಿಂದ.

ನನ್ನ ಸಂಗ್ರಹದಲ್ಲಿಲ್ಲದ ವಸ್ತುವೊಂದಿದೆ. 1977ರಲ್ಲಿ ಕೋಕಾ-ಕೋಲಾ ಹೊರನಡೆದಾಗ ಸರಕಾರಿ ಸಂಸ್ಥೆಯಾದ ಮಾಡರ್ನ್ ಫುಡ್ ಇಂಡಸ್ಟ್ರೀಸ್ 'ಡಬಲ್ ಸೆವೆನ್' ಎಂಬ ಪೇಯವನ್ನು ಹೊರತಂದಿತು. ಅದರ ಪಾಕಸೂತ್ರ ಸಿದ್ಧವಾದುದು ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ. ಅದರ ಒಂದು ಸೀಸೆಯೂ ನನಗೆ ಸಿಕ್ಕಿಲ್ಲ. ಹಳೆಯ ಕಡತಗಳನ್ನು ವಿಲೇವಾರಿ ಮಾಡುವ ಶಿಸ್ತು ನಮ್ಮ ಇಲಾಖೆಗಳಿಗೆ ಎಲ್ಲೆಡೆಯೂ ಇದೆ.

ಇಲ್ಲಿಯ ಚೋರ್ ಬಜಾರಿನಲ್ಲಿ ಇಂದು ನಕಲಿ ಫಲಕಗಳೇ ಹೆಚ್ಚು. ಕಬ್ಬಿಣದ ಹಾಳೆಯ ಮೇಲೆ ಗಾಜಿನ ಪುಡಿ ಬಳಿದು ಸುಮಾರು 800 ಡಿಗ್ರಿಯಲ್ಲಿ ಸುಟ್ಟರೆ ಎನಾಮಲ್ ಆಗುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಸುಡುವಿಕೆ. ಹಾಗಾಗಿ ಅಕ್ಷರದ ಅಂಚು ಬೆರಳಿಗೆ ತಾಕುತ್ತದೆ. ನಕಲಿಯಲ್ಲಿ ಬಣ್ಣ ಬರಿದೆ ಅಚ್ಚಾಗಿರುತ್ತದೆ, ತುಕ್ಕನ್ನು ಆಮ್ಲದಿಂದ ಬರಿಸಿರುತ್ತಾರೆ.

ಈ ಫಲಕ ಮಾತ್ರ ಬಜಾರಿನದಲ್ಲ. ಹಾವೇರಿಯ ಕಡೆಯ ಒಂದು ಚಹಾದಂಗಡಿಯ ಗೋಡೆಯಿಂದ ನಾನೇ ಕೀಳಿಸಿಕೊಂಡು ಬಂದೆ. ದುಡ್ಡು ಕೊಡಹೋದರೆ ಅಂಗಡಿಯವರು, "ಒಯ್ರೀ ಸಾಹೇಬ್ರ, ತುಕ್ಕು ಹಿಡದೈತಿ" ಎಂದು ಮೇಲೊಂದು ಕಪ್ ಚಹಾ ಕೊಟ್ಟು ಕಳಿಸಿದರು. ಮುಂದಿನ ವರ್ಷ ಅಲ್ಲಿಗೆ ಹೋದಾಗ ಬಸ್ಸಿನಿಂದಿಳಿದ ಮುದುಕರೊಬ್ಬರು "ಬೋರ್ಡಿನ ಅಂಗಡಿ ಯಾವುದ್ರಿ?" ಎಂದು ನನ್ನನ್ನೇ ಕೇಳಿದರು. ಅಂಗಡಿಗೆ ಆ ಹೆಸರಿದ್ದುದು ನನಗೆ ಆಗ ತಿಳಿಯಿತು. ಗೋಡೆಯ ಮೇಲೆ ಫಲಕದಳತೆಯ ಬಿಳಿಯ ಚೌಕವೊಂದು ಉಳಿದಿತ್ತು. ನಾನು ಅದರತ್ತ ಕೈ ತೋರಿಸಿದೆ.

ಅಂದಿನಿಂದ ಗೋಡೆಯ ಮೇಲಿರುವುದನ್ನು ನಾನು ಕೊಳ್ಳುವುದಿಲ್ಲ. ಚಿತ್ರ ತೆಗೆದು, ಊರು, ಅಂಗಡಿ, ಜನ ಅದನ್ನು ಕರೆಯುವ ಹೆಸರು ಬರೆದುಕೊಳ್ಳುತ್ತೇನೆ. ತಾವೂ ರಜೆಯಲ್ಲಿ ಊರಿಗೆ ಹೋದಾಗ ಇಷ್ಟನ್ನು ಬರೆದು ತಂದರೆ ಸಂಘದ ವಾಚನಾಲಯದಲ್ಲಿ ಒಂದು ವಹಿ ಇಡಬಹುದು.

ಇದನ್ನು ಮರಳಿಸುವೆನೆಂದು ಅಂಗಡಿಯವರ ಮಗನಿಗೆ ಫೋನು ಮಾಡಿದ್ದೆ. ಆ ಗೋಡೆಗೆ ಈಗ ಮೊಬೈಲ್ ಕಂಪನಿಯ ಬಣ್ಣ ಬಿದ್ದಿದೆಯಂತೆ. ಒಳಗೆ, ಒಲೆಯ ಪಕ್ಕ ಜಾಗ ಮಾಡುತ್ತಾರಂತೆ. ದೀಪಾವಳಿಗೆ ಒಯ್ಯುವವನಿದ್ದೇನೆ. ಅದಕ್ಕೆ ಮುಂಚೆ ತಾವು ಹತ್ತಿರ ಬಂದು ಅಕ್ಷರಗಳನ್ನು ಮುಟ್ಟಿ ನೋಡಬಹುದು. ಮೊಳೆಯ ತೂತಿನ ಅಂಚು ಮಾತ್ರ ಚೂಪಾಗಿದೆ, ಜೋಪಾನ.